ಇನ್ನೂರು ಮೀಟರಿನ ಮಾತು

ಅಮೆರಿಕದ ಇನ್ವಿಕ್ಟಾ ಕಂಪನಿಯ ‘ಪ್ರೊ ಡೈವರ್ 8926’, ಚೀನಾದ ಸ್ಟೀಲ್‌ಡೈವ್, ಸಿಂಗಪುರದ ಯಾವುದೋ ಪುಟ್ಟ ಹೊಸ ಕಂಪನಿಯ ಡೈವ್ ವಾಚು. ಈ ಮೂರನ್ನೂ ಬೋರಲು ಹಾಕಿ ಹಿಂಬದಿಯ ಮುಚ್ಚಳ ಬಿಚ್ಚಿದರೆ ಒಳಗೆ ಕಾಣುವುದು ಬಹುಮಟ್ಟಿಗೆ ಒಂದೇ ಮಷೀನು. ಜಪಾನಿನ ಸೀಕೊ ಬಳಗ ಹೊರಗಿನವರಿಗೆ ಮಾರಲೆಂದೇ ತಯಾರಿಸುವ ‘ಎನ್‌ಎಚ್35’ ಅದು. ಗಂಟೆಗೆ 21,600 ಬಡಿತ, 24 ಕಲ್ಲು, ಪೂರ್ತಿ ಕೀ ತುಂಬಿದರೆ ಸುಮಾರು 41 ಗಂಟೆಯ ಓಟ. ಮೂರಕ್ಕೂ ಉಕ್ಕಿನ ಮೈ. 200 ಮೀಟರ್ ಆಳಕ್ಕೆ ಹೆದರುವುದಿಲ್ಲ ಎಂಬ ಮಾತೂ ಮೂರರ ಮೇಲಿದೆ. ಆದರೂ ವಾಚು ಸಂಗ್ರಹಿಸುವವರ ಮುಂದಿಟ್ಟು ನೋಡಿ. ಮೊದಲನೆಯದನ್ನು ಬದಿಗೆ ಸರಿಸುತ್ತಾರೆ. ಎರಡನೆಯದನ್ನು ತಾವೇ ಕೊಂಡಿದ್ದರೂ ಹೇಳಿಕೊಳ್ಳುವುದಿಲ್ಲ. ಮೂರನೆಯದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಇದು ಬರೀ ಪ್ರತಿಷ್ಠೆಯ ಹುಚ್ಚು ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೂವತ್ತು ನಲವತ್ತು ಸಾವಿರ ರೂಪಾಯಿಯೊಳಗಿನ ಡೈವ್ ವಾಚುಗಳಲ್ಲಿ ಯಂತ್ರಕ್ಕೂ ಯಂತ್ರಕ್ಕೂ ಇರುವ ಅಂತರ ಹೆಚ್ಚುಕಡಿಮೆ ಅಳಿಸಿಹೋಗಿದೆ. ಉಳಿದಿರುವುದು ಕಂಪನಿಗಳ ನಡತೆಯಲ್ಲಿನ ಅಂತರ. ಡಯಲ್ ಮೇಲೆ ಬರೆದ ಮಾತನ್ನು ಯಾರು ಉಳಿಸಿಕೊಂಡರು, ಬೆಲೆ ಇಳಿಸುವಾಗ ಯಾರು ಯಾವುದನ್ನು ಕೈಬಿಟ್ಟರು, ಬೇರೆಯವರ ಮುಖವನ್ನು ತಮ್ಮದೆಂದು ಯಾರು ಹೊತ್ತು ತಿರುಗಿದರು ಎಂಬುದನ್ನೆಲ್ಲ ಸಂಗ್ರಾಹಕರು ನೆನಪಿಟ್ಟಿರುತ್ತಾರೆ. ಅವರ ಗೌರವ, ತಿರಸ್ಕಾರ ಎರಡೂ ಈ ನೆನಪಿನಿಂದಲೇ ಹುಟ್ಟುವಂಥವು. ಈ ಲೆಕ್ಕ ಹೆಚ್ಚಿನ ಕಡೆ ಸರಿಯಾಗಿದೆ ಎಂಬುದು ನನ್ನ ಅಭಿಪ್ರಾಯ. ಎಲ್ಲಿ ತಪ್ಪಿದೆ ಎಂಬುದನ್ನೂ ಹೇಳಬೇಕು.

ಈ ಜಾತಿಯ ವಾಚು ಹುಟ್ಟಿದ್ದು ಪ್ರಾಣ ಉಳಿಸುವ ಸಾಧನವಾಗಿ. 1953ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಂಪೇನ್ ಕಂಪನಿ ‘ಫಿಫ್ಟಿ ಫ್ಯಾದಮ್ಸ್’ ತಂದಿತು. ಕಂಪನಿಯ ಮುಖ್ಯಸ್ಥ ಜಾನ್-ಜಾಕ್ ಫಿಶ್ಟರ್ ಸ್ವತಃ ಸಮುದ್ರಕ್ಕಿಳಿಯುತ್ತಿದ್ದವರು. ಆಗಷ್ಟೇ ಫ್ರೆಂಚ್ ನೌಕಾ ಕಮಾಂಡೊ ಈಜುಗಾರರ ತುಕಡಿ ಕಟ್ಟಿದ್ದ ರಾಬರ್ಟ್ ಮಲೂಬಿಯೆ ಮತ್ತು ಕ್ಲಾಡ್ ರಿಫೊ ತಮ್ಮ ಜನರಿಗೆ ಬೇಕಾದ ವಾಚು ಹುಡುಕುತ್ತಾ ಅವರ ಬಳಿ ಬಂದಿದ್ದರು. ರೋಲೆಕ್ಸ್‌ನ ‘ಸಬ್‌ಮರಿನರ್’ ಕೂಡ ಅದೇ ವರ್ಷದ ಕೂಸು. 1954ರ ಬಾಸೆಲ್ ಮೇಳದಲ್ಲಿ ಜನರ ಕಣ್ಣಿಗೆ ಬಿತ್ತು. ಕಪ್ಪು ಡಯಲ್, ಕತ್ತಲಲ್ಲಿ ಹೊಳೆಯುವ ದಪ್ಪ ಗುರುತುಗಳು, ಗಾಜಿನ ಸುತ್ತ ತಿರುಗಿಸಬಹುದಾದ 60 ನಿಮಿಷದ ಬಳೆ. ಈ ಬಳೆಗೆ ಬೆಜೆಲ್ ಎನ್ನುತ್ತಾರೆ. ಇಂದು ಐದು ಸಾವಿರ ರೂಪಾಯಿಯ ವಾಚಿನಲ್ಲೂ ಕಾಣುವ ಮುಖ ಆಗ ರೂಪುಗೊಂಡದ್ದೇ.

ಬೆಜೆಲ್ ಅಲಂಕಾರಕ್ಕಾಗಿ ಬಂದದ್ದಲ್ಲ. ಆಳದ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯ ಸಾರಜನಕ ರಕ್ತದಲ್ಲೂ ಮಾಂಸಖಂಡಗಳಲ್ಲೂ ಕರಗುತ್ತಾ ಹೋಗುತ್ತದೆ. ಅವಸರದಲ್ಲಿ ಮೇಲೆದ್ದರೆ ಸೋಡಾ ಬಾಟಲಿ ತೆರೆದಾಗ ಆಗುವಂತೆ ಅದು ಗುಳ್ಳೆಗಟ್ಟಿ ಹೊರಬರುತ್ತದೆ. ಕೀಲುಗಳು ಹಿಡಿದುಕೊಳ್ಳುತ್ತವೆ, ಮೈ ಮರಗಟ್ಟಬಹುದು, ಸಾವೂ ಬರಬಹುದು. ಆದ್ದರಿಂದ ಎಷ್ಟು ಆಳದಲ್ಲಿ ಎಷ್ಟು ನಿಮಿಷ ಎಂಬ ಕೋಷ್ಟಕವೇ ಮುಳುಗುಗಾರನ ಪಂಚಾಂಗ. ಅಮೆರಿಕದ ನೌಕಾದಳದ ಹಳೆಯ ಕೋಷ್ಟಕದ ಪ್ರಕಾರ 60 ಅಡಿಯಲ್ಲಿ 60 ನಿಮಿಷ ಇದ್ದು ನಡುವೆ ತಂಗದೆ ಮೇಲೆ ಬರಬಹುದಿತ್ತು. ನೀರಿಗಿಳಿಯುವಾಗ ಬೆಜೆಲ್ಲಿನ ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ ಕಳೆದ ಸಮಯ ಒಂದೇ ನೋಟಕ್ಕೆ ಸಿಗುತ್ತದೆ. ಬೆಜೆಲ್ ಒಂದೇ ದಿಕ್ಕಿಗೆ ತಿರುಗುವಂತೆ ಮಾಡಿರುವುದರ ಕಾರಣವೂ ಇಲ್ಲಿದೆ. ಬಂಡೆಗೆ ತಾಗಿ ಅದು ಸರಿದುಹೋದರೂ ಕಳೆದ ಸಮಯ ಇದ್ದದ್ದಕ್ಕಿಂತ ಹೆಚ್ಚು ಎಂದೇ ತೋರಿಸಬೇಕು. ಆಗ ಮುಳುಗುಗಾರ ಬೇಗ ಮೇಲೆ ಬರುತ್ತಾನೆಯೇ ಹೊರತು ತಡವಾಗಿ ಅಲ್ಲ.

ಈ ಎಲ್ಲ ಅಗತ್ಯಗಳನ್ನು ಒಂದೆಡೆ ಕಟ್ಟಿಕೊಟ್ಟದ್ದು ಐಎಸ್ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡ. 1982ರಲ್ಲಿ ಬಂತು, 1996 ಮತ್ತು 2018ರಲ್ಲಿ ಪರಿಷ್ಕಾರವಾಯಿತು. ಕನಿಷ್ಠ 100 ಮೀಟರ್ ಆಳ ತಡೆಯಬೇಕು. ಹೇಳಿಕೊಂಡ ಆಳದ ಒತ್ತಡಕ್ಕಿಂತ ಕಾಲು ಪಾಲು ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆಯಾಗಬೇಕು. ಅಂದರೆ 200 ಮೀಟರಿನ ವಾಚು 250 ಮೀಟರಿನ ಒತ್ತಡ ತಾಳಬೇಕು. ಕಗ್ಗತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಓದಲು ಬರಬೇಕು, ವಾಚು ನಿಂತಿಲ್ಲ ಎಂಬುದೂ ಕಾಣಬೇಕು. ಬಿಸಿ ಮಾಡಿದ ವಾಚಿನ ಗಾಜಿನ ಮೇಲೆ ತಣ್ಣೀರಿನ ಹನಿ ಇಟ್ಟು ಒರೆಸಿದಾಗ ಒಳಗೆ ಎಳ್ಳಷ್ಟು ಆವಿ ಕಂಡರೂ ಅದು ತಿರಸ್ಕೃತ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಷರತ್ತು ಬೇರೆ. ನೀರಿನ ಪರೀಕ್ಷೆ ಮಾದರಿಗೊಂದು ವಾಚಿಗೆ ಆದರೆ ಸಾಲದು, ತಯಾರಾದ ಪ್ರತಿಯೊಂದು ವಾಚಿಗೂ ಆಗಬೇಕು. ಹಾಗೆ ಪಾಸಾದದ್ದು ಮಾತ್ರ ‘ಡೈವರ್ಸ್’ ಎಂಬ ಪದವನ್ನು ಆಳದ ಅಂಕಿಯೊಂದಿಗೆ ಡಯಲ್ ಮೇಲೆ ಹೊರಬಹುದು. ಬರೀ ‘200ಎಂ’ ಎಂದಿದ್ದರೆ ಅದು ಕಂಪನಿಯ ಸ್ವಂತ ಹೇಳಿಕೆ. ಅಂಗಡಿಯಲ್ಲಿ ಈ ಒಂದು ಪದವನ್ನು ಹುಡುಕಿ ನೋಡುವ ಗಿರಾಕಿ ಅರ್ಧ ಸಮೀಕ್ಷೆ ಮುಗಿಸಿದಂತೆ.

ಅಗ್ಗದ ಡೈವ್ ವಾಚಿನ ಮಾತು ಸೀಕೊದಿಂದಲೇ ಶುರುವಾಗಬೇಕು, ಏಕೆಂದರೆ ಸಂಗ್ರಾಹಕರು ಉಳಿದವರನ್ನೆಲ್ಲ ಅಳೆಯುವ ಕೋಲು ಅದೇ. 1965ರಲ್ಲಿ ಬಂದ ಅವರ ಮೊದಲ ಡೈವ್ ವಾಚು 150 ಮೀಟರಿನದು. ಜಪಾನಿನ ಅಂಟಾರ್ಕ್ಟಿಕಾ ತಂಡಗಳ ಜೊತೆ ಹೋಗಿಬಂದಿತ್ತು. 1968ರಲ್ಲಿ ಹಿರೋಶಿಮಾ ಪ್ರಾಂತ್ಯದ ಕುರೆ ಊರಿನ ವೃತ್ತಿಪರ ಮುಳುಗುಗಾರನೊಬ್ಬ ಸೀಕೊಗೆ ಕಾಗದ ಬರೆದ. ನೂರಾರು ಮೀಟರ್ ಆಳದ ಕೆಲಸಕ್ಕೆ ಹೀಲಿಯಂ ಬೆರೆತ ಗಾಳಿಯಲ್ಲಿ ದಿನಗಟ್ಟಲೆ ಇರುವಾಗ ಯಾವ ವಾಚೂ ಬಾಳುತ್ತಿಲ್ಲ ಎಂಬುದು ಅವನ ದೂರು. ಹೀಲಿಯಂ ಅಣು ತೀರಾ ಚಿಕ್ಕದು. ರಬ್ಬರ್ ವಾಷರಿನ ಮೂಲಕವೂ ಒಳನುಸುಳಿ, ಮೇಲೆ ಬರುವಾಗ ಗಾಜನ್ನು ಕಿತ್ತೆಸೆಯುತ್ತಿತ್ತು. ಸೀಕೊದ ಎಂಜಿನಿಯರ್ ಇಕುವೊ ತೊಕುನಾಗ ಮತ್ತು ಸಂಗಡಿಗರು ಏಳು ವರ್ಷ ದುಡಿದು 1975ರಲ್ಲಿ 600 ಮೀಟರಿನ ವಾಚು ಕೊಟ್ಟರು. ಟೈಟಾನಿಯಂ ಮೈ, ಹಿಂಬದಿಯಲ್ಲಿ ಮುಚ್ಚಳವೇ ಇಲ್ಲದ ಒಂದೇ ಅಚ್ಚಿನ ಕವಚ, ಹೀಲಿಯಂ ನುಸುಳದ ವಾಷರು. ಡಬ್ಬಿಯ ಮೀನಿನಂತಿದ್ದ ಆಕಾರಕ್ಕೆ ‘ಟ್ಯೂನಾ’ ಎಂಬ ಅಡ್ಡಹೆಸರೂ ಬಂತು. ಸೀಕೊ ಡೈವ್ ವಾಚುಗಳಿಗೆ ಅಭಿಮಾನಿಗಳಿಟ್ಟ ಹೆಸರುಗಳ ಸಾಲೇ ಇದೆ: ಟರ್ಟಲ್, ಸಮುರಾಯ್, ಸುಮೊ, ಮಾನ್‌ಸ್ಟರ್. ‘ಅಪೋಕ್ಯಾಲಿಪ್ಸ್ ನೌ’ ಚಿತ್ರದಲ್ಲಿ ಮಾರ್ಟಿನ್ ಶೀನ್ ಕೈಯಲ್ಲಿದ್ದುದಕ್ಕೆ ಆ ಪಾತ್ರದ ಹೆಸರೇ ಅಂಟಿ ‘ವಿಲ್ಲಾರ್ಡ್’ ಆಯಿತು. ಜನ ಅಡ್ಡಹೆಸರಿಟ್ಟು ಕರೆಯುವುದು ಮನೆಯವರಂತೆ ಕಂಡದ್ದನ್ನೇ.

ಈ ವಂಶದಲ್ಲಿ ಬಡವರ ಪಾಲಿಗೆ ಬಂದದ್ದು ‘ಎಸ್‌ಕೆಎಕ್ಸ್007’. 1996ರಿಂದ 2019ರ ತನಕ ಹೆಚ್ಚು ಬದಲಾವಣೆಯಿಲ್ಲದೆ ಬಂತು. 42 ಮಿಲಿಮೀಟರಿಗಿಂತ ತುಸು ಅಗಲ, ಕೈಗೆ ಒತ್ತದಂತೆ ನಾಲ್ಕರ ಜಾಗದಲ್ಲಿ ತಿರುಪಿ ಬಿಗಿಯುವ ಕೀ, ಡಯಲ್ ಮೇಲೆ ‘ಡೈವರ್ಸ್ 200ಎಂ’. ಒಳಗಿದ್ದ 7ಎಸ್26 ಮಷೀನಿಗೆ ಕೈಯಿಂದ ಕೀ ಕೊಡಲು ಬಾರದು, ಸಮಯ ಹೊಂದಿಸುವಾಗ ಸೆಕೆಂಡಿನ ಮುಳ್ಳು ನಿಲ್ಲದು, ದಿನಕ್ಕೆ 40 ಸೆಕೆಂಡು ಮುಂದೆ ಓಡಿದರೂ ಕಂಪನಿಯ ಲೆಕ್ಕದಲ್ಲಿ ಅದು ಸರಿಯೇ. ಆದರೆ ವರ್ಷಗಟ್ಟಲೆ ಎಣ್ಣೆ ಕಾಣದೆಯೂ ಓಡುತ್ತಿತ್ತು. ಬಹುಕಾಲ 200 ಡಾಲರಿನ ಆಸುಪಾಸಿನಲ್ಲಿ ಸಿಗುತ್ತಿದ್ದ ಈ ವಾಚನ್ನು ಸಬ್‌ಮರಿನರ್ ಕಟ್ಟುವ ಶ್ರೀಮಂತನೂ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತಿದ್ದ. ಸಂಗ್ರಾಹಕರ ಲೋಕದಲ್ಲಿ ಇಷ್ಟು ಸರ್ವಸಮ್ಮತ ಗೌರವ ಬೇರೆ ಅಗ್ಗದ ವಾಚಿಗೆ ಸಿಕ್ಕಿಲ್ಲ. ಕಾರಣ ಸರಳ: ಹೇಳಿದ್ದನ್ನೆಲ್ಲ ಅದು ಮಾಡುತ್ತಿತ್ತು, ಮಾಡಲಾಗದ್ದನ್ನು ಹೇಳಿಕೊಳ್ಳುತ್ತಿರಲಿಲ್ಲ.

2019ರಲ್ಲಿ ಸೀಕೊ ಅದನ್ನು ನಿಲ್ಲಿಸಿ ಬಹುತೇಕ ಅದೇ ಮೈಕಟ್ಟಿನಲ್ಲಿ ಹೊಸ ‘5 ಸ್ಪೋರ್ಟ್ಸ್’ ಸಾಲು ತಂದಿತು. ಮಷೀನು ಉತ್ತಮವಾಯಿತು, ಕೈಯಿಂದ ಕೀ ಕೊಡಬಹುದು, ಸೆಕೆಂಡ್ ಮುಳ್ಳು ನಿಲ್ಲುತ್ತದೆ. ಆದರೆ ತಿರುಪಿನ ಕೀ ಹೋಯಿತು, 200 ಮೀಟರ್ 100ಕ್ಕಿಳಿಯಿತು, ‘ಡೈವರ್ಸ್’ ಎಂಬ ಪದ ಡಯಲ್ಲಿನಿಂದ ಕಣ್ಮರೆಯಾಯಿತು. ಸಂಗ್ರಾಹಕರು ಸಿಟ್ಟಾದರು. ಆ ಸಿಟ್ಟಿನಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ. ಸೀಕೊ ಸುಳ್ಳು ಹೇಳಲಿಲ್ಲ: ಪರೀಕ್ಷೆಯಾಗದ ವಾಚಿನಿಂದ ಆ ಪದವನ್ನು ತೆಗೆದದ್ದು ಪ್ರಾಮಾಣಿಕತೆಯೇ. ನಿಜವಾದ ನಷ್ಟ ಬೇರೆ ಕಡೆ ಆಯಿತು. ಪ್ರತಿಯೊಂದೂ ಪರೀಕ್ಷೆಯಾದ, ಕೈಯ ಅಲುಗಾಟದಿಂದಲೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ ಡೈವ್ ವಾಚು ಬೇಕೆಂದರೆ ಅದೇ ಕಂಪನಿಯ ‘ಪ್ರಾಸ್ಪೆಕ್ಸ್’ ಸಾಲಿಗೇರಿ ದುಪ್ಪಟ್ಟು ಬೆಲೆ ಕೊಡಬೇಕಾಯಿತು. ಕೆಳಗಿನ ಮೆಟ್ಟಿಲನ್ನು ತೆಗೆದುಬಿಟ್ಟಂತಾಯಿತು. ಬೆಲೆ ಏರಿದಂತೆ ಕ್ಷಮೆಯೂ ಕಡಿಮೆಯಾಯಿತು. ಡಯಲ್ ಸುತ್ತಲಿನ ನಿಮಿಷದ ಪಟ್ಟಿ ಬೆಜೆಲ್ಲಿಗೆ ಕೂದಲೆಳೆಯಷ್ಟು ಹೊಂದದೆ ಕೂರುವುದು ಸೀಕೊದ ಹಳೆಯ ದೋಷ. 200 ಡಾಲರಿನ ವಾಚಿನಲ್ಲಿ ಜನ ಅದನ್ನು ಕಂಡೂ ಕಾಣದಂತಿದ್ದರು. ಸಾವಿರ ಡಾಲರ್ ದಾಟಿದ ಮೇಲೆ ಭೂತಗನ್ನಡಿ ಹಿಡಿಯತೊಡಗಿದರು, ಹಿಡಿಯುವುದು ನ್ಯಾಯವೂ ಹೌದು.

ಸಂಗ್ರಾಹಕರ ಲೆಕ್ಕ ತಪ್ಪಿರುವ ಮೊದಲ ಜಾಗ ಸಿಟಿಜನ್. ಈ ಹೆಸರು ಕರ್ನಾಟಕಕ್ಕೆ ಪರಕೀಯವಲ್ಲ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರ ಮಾಡಲು ಹೊರಟಾಗ ಕೈಹಿಡಿದು ಕಲಿಸಿದ್ದು ಸಿಟಿಜನ್. ನಮ್ಮ ಹಿರಿಯರ ‘ಜನತಾ’ದ ಒಳಗೆ ಮಿಡಿದದ್ದು ಸಿಟಿಜನ್ ವಂಶದ ಮಷೀನೇ. ಡೈವ್ ವಾಚಿನಲ್ಲಿ ಈ ಕಂಪನಿಯ ಸಾಧನೆ ಸೀಕೊಗಿಂತ ಕಡಿಮೆಯಿಲ್ಲ. 1959ರಲ್ಲಿ ಜಪಾನಿನ ಮೊದಲ ಜಲನಿರೋಧಕ ವಾಚು ‘ಪ್ಯಾರಾವಾಟರ್’ ಮಾಡಿದ್ದು ಸಿಟಿಜನ್. ನೀರಿನ ಆಳವನ್ನು ತಾನೇ ಅಳೆದು ತೋರಿಸುವ ಸಂವೇದಕವುಳ್ಳ ಮೊದಲ ವಾಚು ‘ಅಕ್ವಾಲ್ಯಾಂಡ್’ 1985ರಲ್ಲಿ ಬಂದದ್ದು ಅವರಿಂದಲೇ. 1983ರಲ್ಲಿ ಆಸ್ಟ್ರೇಲಿಯಾದ ಲಾಂಗ್ ರೀಫ್ ತೀರದಲ್ಲಿ ಅವರ ‘ಚಾಲೆಂಜ್ ಡೈವರ್’ ವಾಚೊಂದು ಸಿಕ್ಕಿತು. ವರ್ಷಗಟ್ಟಲೆ ಕಡಲಲ್ಲಿದ್ದು ಮೈಮೇಲೆಲ್ಲ ಬರ್ನಾಕಲ್ ಚಿಪ್ಪುಗಳು ಬೆಳೆದಿದ್ದವು, ಕೈಗೆತ್ತಿಕೊಂಡರೆ ಓಡುತ್ತಿತ್ತು.

ಈಗ ಸಿಗುವ ‘ಪ್ರೊಮಾಸ್ಟರ್’ ಸಾಲಿನ ಬಿಎನ್0150 ನೋಡಿ. ಡಯಲ್ಲಿನ ಕೆಳಗೆ ಸೌರಕೋಶ. ಕಿಟಕಿಯ ಬೆಳಕು ಬಿದ್ದರೂ ಸಾಕು, ಪೂರ್ತಿ ತುಂಬಿದ್ದರೆ ಕತ್ತಲಲ್ಲಿ ಸುಮಾರು ಆರು ತಿಂಗಳು ಓಡುತ್ತದೆ. ತಿಂಗಳಿಗೆ ಹದಿನೈದು ಸೆಕೆಂಡಿನಾಚೆ ತಪ್ಪುವುದಿಲ್ಲ, ಸೆಲ್ ಬದಲಿಸಲೆಂದು ಆಗಾಗ ಹಿಂಬದಿ ಬಿಚ್ಚುವ ಗೊಡವೆಯೂ ಇಲ್ಲ. ಡೈವ್ ವಾಚಿಗೆ ಇದು ಸಣ್ಣ ಲಾಭವಲ್ಲ, ಏಕೆಂದರೆ ಮುಚ್ಚಳ ತೆರೆದು ಮುಚ್ಚಿದಾಗಲೇ ನೀರು ಒಳಹೋಗುವ ದಾರಿ ಹುಟ್ಟುವುದು. ‘ಡೈವರ್ಸ್ 200ಎಂ’ ಎಂಬ ಬರಹವೂ ಇದೆ. ಇಷ್ಟಿದ್ದೂ ಸಂಗ್ರಾಹಕರು ಇದನ್ನು ‘ಒಳ್ಳೆಯ ವಾಚು’ ಎನ್ನುತ್ತಾರೆಯೇ ಹೊರತು ಪ್ರೀತಿಯ ವಾಚು ಎನ್ನುವುದಿಲ್ಲ. ಚಕ್ರ, ಸ್ಪ್ರಿಂಗು, ತೂಗಾಡುವ ತೂಕ ಇಲ್ಲದ ವಾಚಿನಲ್ಲಿ ಜೀವ ಇಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಮಾದರಿಗಳನ್ನು ಮೇಲಿಂದ ಮೇಲೆ ಬದಲಿಸುವುದರಿಂದ ಸಿಟಿಜನ್‌ನಲ್ಲಿ ಎಸ್‌ಕೆಎಕ್ಸ್‌ನಂಥ ಒಂದು ಹೆಸರು ಬೇರೂರಲಿಲ್ಲ ಎಂಬುದೂ ನಿಜ. ಆದರೂ ನೀರಿಗಿಳಿಯುವ ಮನುಷ್ಯನಿಗೆ ಈ ಬೆಲೆಯಲ್ಲಿ ಇದಕ್ಕಿಂತ ಹೆಚ್ಚು ನೆಚ್ಚಬಹುದಾದ ವಾಚು ನನಗೆ ಗೊತ್ತಿಲ್ಲ. ಆಟೊಮ್ಯಾಟಿಕ್ಕೇ ಬೇಕೆಂದರೆ ಎಂಟರ ಜಾಗದಲ್ಲಿ ಕೀ ಇರುವ ಅವರದೇ ಎನ್‌ವೈ0040 ಇದೆ. ಎಸ್‌ಕೆಎಕ್ಸ್ ಹೋದ ಮೇಲೆ ಅದರ ಜಾಗ ತುಂಬಬಲ್ಲದ್ದು ಇದೇ ಎಂದು ಸಂಗ್ರಾಹಕರೂ ನಿಧಾನವಾಗಿ ಗುರುತಿಸತೊಡಗಿದ್ದಾರೆ.

ಇನ್ನೊಂದು ತುದಿಯಲ್ಲಿ ರಷ್ಯದ ವೊಸ್ಟೊಕ್ ‘ಅಂಫಿಬಿಯಾ’. ನನ್ನ ಮಟ್ಟಿಗೆ ಅಗ್ಗದ ವಾಚುಗಳ ಚರಿತ್ರೆಯ ಅತ್ಯಂತ ಬುದ್ಧಿವಂತ ವಸ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಮಾಸ್ಕೊಗೆ ಹತ್ತಿರವಾದಾಗ ಅಲ್ಲಿನ ವಾಚು ಕಾರ್ಖಾನೆಯ ಯಂತ್ರಗಳನ್ನು ಕಾಮಾ ನದಿಯ ದಡದ ಚಿಸ್ತೊಪೊಲ್ ಊರಿಗೆ ಸಾಗಿಸಿದರು. ವೊಸ್ಟೊಕ್ ಬೆಳೆದದ್ದು ಅಲ್ಲಿ. 1967ರಲ್ಲಿ 200 ಮೀಟರಿನ ವಾಚು ಮಾಡಬೇಕಾದಾಗ ಸ್ವಿಸ್ ಕಂಪನಿಗಳ ಸೂಕ್ಷ್ಮ ಯಂತ್ರಗಳು ಅವರಲ್ಲಿರಲಿಲ್ಲ. ವಿನ್ಯಾಸಕರಾದ ಮಿಖಾಯಿಲ್ ನೊವಿಕೊವ್ ಮತ್ತು ವೆರಾ ಬೆಲೊವಾ ಬೇರೆ ದಾರಿ ಹಿಡಿದರು. ನೀರಿನ ಒತ್ತಡವನ್ನು ಎದುರಿಸುವ ಬದಲು ಅದನ್ನೇ ಕೆಲಸಕ್ಕೆ ಹಚ್ಚಿದರು. ಹಿಂಬದಿಯ ತಟ್ಟೆ ತಿರುಗುವುದಿಲ್ಲ. ಬೇರೊಂದು ತಿರುಪಿನ ಬಳೆ ಅದನ್ನು ದಪ್ಪ ರಬ್ಬರಿನ ಮೇಲೆ ಅದುಮಿ ಹಿಡಿಯುತ್ತದೆ. ಆದ್ದರಿಂದ ರಬ್ಬರು ತಿರುಚಿಕೊಳ್ಳುವುದಿಲ್ಲ, ಸವೆಯುವುದೂ ಕಡಿಮೆ. ಆಳಕ್ಕೆ ಹೋದಷ್ಟೂ ನೀರೇ ತಟ್ಟೆಯನ್ನು ಒಳಕ್ಕೆ ಒತ್ತಿ ಮುಚ್ಚಳ ಇನ್ನಷ್ಟು ಬಿಗಿಯಾಗುತ್ತದೆ. ಗಾಜಿನ ಜಾಗದಲ್ಲಿರುವ ಸುಮಾರು ಮೂರು ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಕೂಡ ಒತ್ತಡಕ್ಕೆ ತುಸು ಬಾಗಿ ಅಂಚುಗಳನ್ನು ಇನ್ನಷ್ಟು ಕಚ್ಚಿ ಹಿಡಿಯುತ್ತದೆ. ತಿರುಪು ಬಿಚ್ಚಿದ ಕೀ ಸಡಿಲವಾಗಿ ಅಲ್ಲಾಡುವುದನ್ನು ಕಂಡು ಹೊಸಬರು ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೀಗೆ ಬಿದ್ದ ಪೆಟ್ಟು ಮಷೀನಿಗೆ ತಾಗಬಾರದೆಂದು ಬೇಕೆಂದೇ ಹಾಗೆ ಮಾಡಿದ್ದು.

ನೂರು ಡಾಲರಿನ ಒಳಗೆ ಬಹುಕಾಲ ಸಿಗುತ್ತಿದ್ದ ಈ ವಾಚಿಗೆ ಒರಟು ಚೈನು, ಎರಡೂ ದಿಕ್ಕಿಗೆ ಜಾರುವ ಬೆಜೆಲ್. ಐಎಸ್ಒ ಮಾನದಂಡದ ಮುಂದೆ ಬೆಜೆಲ್ಲಿನ ಕಾರಣಕ್ಕೇ ಅದು ನಿಲ್ಲದು. ಆದರೂ ಲಕ್ಷಗಟ್ಟಲೆ ಬೆಲೆಯ ಸಂಗ್ರಹಗಳ ನಡುವೆ ಅಂಫಿಬಿಯಾ ತಲೆ ತಗ್ಗಿಸದೆ ಕೂರುತ್ತದೆ. 2004ರ ‘ದಿ ಲೈಫ್ ಅಕ್ವಾಟಿಕ್’ ಚಿತ್ರದಲ್ಲಿ ಬಿಲ್ ಮರ್ರೆ ಕಟ್ಟಿದ್ದರಿಂದ ಅದರ ಕೀರ್ತಿ ಇನ್ನಷ್ಟು ಹರಡಿತು. ಗೌರವ ಬಂದದ್ದಂತೂ ಸ್ವಂತ ಬುದ್ಧಿಯಿಂದ. ಯಾರ ನಕಲೂ ಅಲ್ಲದ ವಾಚು ಅದು. 2022ರಲ್ಲಿ ಶುರುವಾದ ಉಕ್ರೇನ್ ಯುದ್ಧದ ನಂತರ ಹಣ ಕಳಿಸುವುದೂ ಪಾರ್ಸೆಲ್ ತರಿಸುವುದೂ ಕಷ್ಟವಾಗಿ ರಷ್ಯದ ಹೊರಗೆ ಅದು ಮೊದಲಿನಷ್ಟು ಸಲೀಸಾಗಿ ಸಿಗುತ್ತಿಲ್ಲ.

ಓರಿಯಂಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೀಕೊ ಬಳಗದ್ದೇ ಆದ ಎಪ್ಸನ್ ಕಂಪನಿಯ ಒಡೆತನ, ಆದರೆ ಮಷೀನು ತನ್ನದೇ. ‘ಕಮಾಸು’ ಮಾದರಿಗೆ ಗೀರು ಬೀಳದ ಸಫೈರ್ ಗಾಜು ಬೇರೆ. ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬ ಮೆಚ್ಚುಗೆ ಎಲ್ಲರದೂ ಹೌದು. ಕ್ಯಾಸಿಯೊ ‘ಡ್ಯೂರೊ’ ಇನ್ನೂ ಅಗ್ಗ. ಡಯಲ್ ಮೇಲೆ ಮಾರ್ಲಿನ್ ಮೀನಿನ ಚಿತ್ರವಿರುವ, ಸೆಲ್‌ನಿಂದ ಓಡುವ ಈ ಕ್ವಾರ್ಟ್ಜ್ ವಾಚು ಬಿಲ್ ಗೇಟ್ಸ್ ಕೈಯಲ್ಲಿ ಕಂಡು ಸುದ್ದಿಯಾಯಿತು. ‘ಡೈವರ್ಸ್’ ಎಂಬ ಬರಹ ಅದಕ್ಕಿಲ್ಲ. 200 ಮೀಟರ್ ಎಂಬ ಹೇಳಿಕೆ, ತಿರುಪಿನ ಕೀ, ಒಂದೇ ದಿಕ್ಕಿನ ಬೆಜೆಲ್ ಇವೆ. ತಾನು ಅಗ್ಗದ ಕ್ಯಾಸಿಯೊ ಎಂಬುದನ್ನು ಅದು ಮುಚ್ಚಿಡುವುದಿಲ್ಲ, ಆದ್ದರಿಂದಲೇ ಯಾರೂ ಅದನ್ನು ಹೀಗಳೆಯುವುದಿಲ್ಲ.

ಇನ್ವಿಕ್ಟಾ ಪಾಡು ಹಾಗಲ್ಲ. 1837ರಲ್ಲಿ ಲಾ ಶೋ-ದ-ಫೋನ್ ಊರಲ್ಲಿ ಹುಟ್ಟಿದ ಸ್ವಿಸ್ ಹೆಸರು ಅದು. 1969ರಲ್ಲಿ ಸೀಕೊ ಕ್ವಾರ್ಟ್ಜ್ ವಾಚು ತಂದ ಮೇಲೆ ಸ್ವಿಸ್ ವಾಚು ಉದ್ಯಮ ಕುಸಿಯಿತು. ಎಂಬತ್ತರ ದಶಕದ ನಡುವಿನ ಹೊತ್ತಿಗೆ ಕೆಲಸಗಾರರ ಸಂಖ್ಯೆ ಸುಮಾರು 90,000ದಿಂದ 30,000ದ ಆಸುಪಾಸಿಗಿಳಿದಿತ್ತು. ಕಾರ್ಖಾನೆ ಮುಚ್ಚಿದರೂ ಹೆಸರುಗಳು ಉಳಿದಿದ್ದವು, ಅವನ್ನು ಕೊಳ್ಳುವವರೂ ಬಂದರು. ಇನ್ವಿಕ್ಟಾ ಹೆಸರು ಅಮೆರಿಕಕ್ಕೆ ಹೋಯಿತು. 8926 ರೂಪದಲ್ಲಿ ಸಬ್‌ಮರಿನರ್‌ನ ಪಡಿಯಚ್ಚು, ಕವಚದ ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ಕೊರೆದ ಕಂಪನಿಯ ಹೆಸರು. ಟಿವಿ ಮಾರಾಟ ವಾಹಿನಿಗಳಲ್ಲಿ ಯಾರೂ ಕೊಡದ ನೂರಾರು ಡಾಲರಿನ ‘ಮೂಲ ಬೆಲೆ’ ತೋರಿಸಿ, ಭಾರಿ ರಿಯಾಯಿತಿ ಎಂದು ಮಾರುವ ಪದ್ಧತಿ. ಸಂಗ್ರಾಹಕರ ತಿರಸ್ಕಾರದ ಬೇರು ಈ ಬೆಲೆಯಾಟದಲ್ಲಿದೆ. ಮಷೀನು ಒಳ್ಳೆಯದು, ಮೈಯೂ ಗಟ್ಟಿ. ಎಷ್ಟೋ ಜನರ ಮೊದಲ ಆಟೊಮ್ಯಾಟಿಕ್ ವಾಚು ಅದೇ. ಅದನ್ನು ಕಟ್ಟಿದವನನ್ನು ಕೀಳಾಗಿ ಕಾಣುವುದು ಅನ್ಯಾಯ, ಈ ಲೋಕದಲ್ಲಿ ಅದು ನಡೆಯುತ್ತಲೂ ಇದೆ. ಕಂಪನಿಯ ನಡತೆಗೆ ಗಿರಾಕಿ ಹೊಣೆಯಲ್ಲ.

ರೂಪ ಕದಿಯುವುದರ ಬಗ್ಗೆಯೂ ಸ್ವಲ್ಪ ನಿಂತು ಯೋಚಿಸಬೇಕು. ಬೇರೆ ಕಂಪನಿಯ ಹೆಸರು, ಲಾಂಛನ ಹಾಕಿ ಮಾರಿದರೆ ಅದು ಖೋಟಾ, ಅಪರಾಧ. ರೂಪ ಮಾತ್ರ ಅನುಸರಿಸಿ ಸ್ವಂತ ಹೆಸರು ಹಾಕಿದರೆ ಅದಕ್ಕೆ ‘ಹೋಮೇಜ್’ ಎನ್ನುತ್ತಾರೆ. ಪಗಾನಿ ಡಿಸೈನ್, ಸ್ಟೀಲ್‌ಡೈವ್, ಸ್ಯಾನ್ ಮಾರ್ಟಿನ್ ಮುಂತಾದ ಚೀನೀ ಹೆಸರುಗಳು ಬೆಳೆದದ್ದು ಇದರ ಮೇಲೆಯೇ. ಇದೇನು ಹೊಸದಲ್ಲ. 1950–60ರ ದಶಕದಲ್ಲಿ ಇರ್ವಿನ್ ಪಿಕೆರೇ ಎಂಬ ಸ್ವಿಸ್ ಕವಚ ತಯಾರಕರಿಂದ ‘ಸೂಪರ್ ಕಂಪ್ರೆಸರ್’ ಎಂಬ ಡೈವ್ ಕವಚವನ್ನು ಕೊಂಡ ಕಂಪನಿಗಳು ಹತ್ತಾರು; ಲಾಂಜಿನ್, ಐಡಬ್ಲ್ಯುಸಿಯಂಥ ದೊಡ್ಡವರೂ ಅದರಲ್ಲಿದ್ದರು. ಒಂದೇ ಕವಚ, ಬೇರೆ ಬೇರೆ ಹೆಸರು. ಇಂದು ಸಂಗ್ರಾಹಕರು ಲಕ್ಷಗಟ್ಟಲೆ ಕೊಟ್ಟು ಹುಡುಕುವುದು ಆ ವಾಚುಗಳನ್ನೇ. ಆದ್ದರಿಂದ ಹಂಚಿಕೊಂಡ ರೂಪ ಎಂಬ ಒಂದೇ ಕಾರಣಕ್ಕೆ ಚೀನೀ ವಾಚನ್ನು ತಳ್ಳಲಾಗದು. ವ್ಯತ್ಯಾಸ ಎಲ್ಲಿದೆಯೆಂದರೆ, ಅಂದಿನವರು ಕವಚವನ್ನು ಮಾಡಿದವನಿಂದ ದುಡ್ಡು ಕೊಟ್ಟು ಕೊಂಡಿದ್ದರು. ಇಂದಿನವರು ಮತ್ತೊಬ್ಬರು ಅರ್ಧ ಶತಮಾನ ತಿದ್ದಿ ತೀಡಿದ ಮುಖವನ್ನು ಕೇಳದೆ ಎತ್ತಿಕೊಂಡಿದ್ದಾರೆ.

ಆದರೆ ಕೈಗೆಲಸದಲ್ಲಿ ಅವರು ಮುಂದೆ ಬಂದಿರುವುದನ್ನು ಒಪ್ಪದಿರುವುದು ಕಣ್ಣು ಮುಚ್ಚಿಕೊಂಡಂತೆ. ಸ್ಯಾನ್ ಮಾರ್ಟಿನ್‌ನ ಉಕ್ಕಿನ ಅಂಚುಗಳು, ಚೈನಿನ ಕೊಂಡಿಗಳು, ಬೆಜೆಲ್ಲಿನ ಹೊಂದಾಣಿಕೆ ಮೂರು ಪಟ್ಟು ಬೆಲೆಯ ಜಪಾನೀ ವಾಚನ್ನು ನಾಚಿಸುತ್ತವೆ. ಈಚಿನ ವರ್ಷಗಳಲ್ಲಿ ಸ್ವಂತ ವಿನ್ಯಾಸಗಳನ್ನೂ ತರತೊಡಗಿದ್ದಾರೆ. ಸಂಗ್ರಾಹಕರ ಮನಸ್ಸು ಬದಲಾಗುತ್ತಿರುವುದು ಅಲ್ಲಿಂದಲೇ. ಸೀಕೊವನ್ನೂ ಅರವತ್ತರ ದಶಕದಲ್ಲಿ ಪಶ್ಚಿಮದವರು ಅಗ್ಗದ ಜಪಾನೀ ಸರಕು ಎಂದೇ ಕಂಡಿದ್ದರು.

ಸ್ವಂತ ಮುಖಕ್ಕೆ ಸಿಗುವ ಮರ್ಯಾದೆಯಿಂದಲೇ ಪುಟ್ಟ ಸ್ವತಂತ್ರ ಕಂಪನಿಗಳು ಬದುಕಿರುವುದು. 2017ರಲ್ಲಿ ಜನರಿಂದ ಮುಂಗಡ ಹಣ ಕೂಡಿಸಿ ಶುರುವಾದ ಫ್ರಾನ್ಸಿನ ಬಾಲ್ಟಿಕ್, 2005ರಿಂದ ಅಂಗಡಿಗಳನ್ನು ಬಿಟ್ಟು ನೇರವಾಗಿ ಗಿರಾಕಿಗೆ ಮಾರುತ್ತ ಬಂದ ಇಂಗ್ಲೆಂಡಿನ ಕ್ರಿಸ್ಟೊಫರ್ ವಾರ್ಡ್, ಸಿಂಗಪುರದ ಝೆಲೋಸ್. ಇವರು ಮಷೀನು ಮಾಡುವುದಿಲ್ಲ ಅಥವಾ ಬಹುಪಾಲು ಹೊರಗಿನಿಂದ ತರುತ್ತಾರೆ. ಅದನ್ನು ಮುಚ್ಚಿಡುವುದೂ ಇಲ್ಲ. ದೊಡ್ಡ ಸ್ವಿಸ್ ಬಳಗದ ಟಿಸ್ಸೊ, ಸೆರ್ಟೀನಾಗಳು ಈ ಬೆಲೆಗಿಂತ ಒಂದು ಮೆಟ್ಟಿಲು ಮೇಲಿವೆ: 80 ಗಂಟೆ ಓಡುವ ಮಷೀನು, 300 ಮೀಟರಿನ ಕವಚ, ನಮ್ಮ ದೇಶದ ಊರುಗಳಲ್ಲೂ ಸರ್ವಿಸ್. ಗೌರವವಿದೆ, ಉತ್ಸಾಹವಿಲ್ಲ. ಅದೇ ಬಳಗ 2023ರಲ್ಲಿ ಸ್ವಾಚ್ ಮತ್ತು ಬ್ಲಾಂಪೇನ್ ಹೆಸರು ಕೂಡಿಸಿ 400 ಡಾಲರಿಗೆ ‘ಸ್ಕೂಬಾ ಫಿಫ್ಟಿ ಫ್ಯಾದಮ್ಸ್’ ತಂದಾಗ ಉತ್ಸಾಹ ಉಕ್ಕಿ ಹರಿಯಿತು. ಐದು ಸಾಗರಗಳ ಹೆಸರಿನ ಐದು ವಾಚುಗಳು, ನಮ್ಮ ಹಿಂದೂ ಮಹಾಸಾಗರದ್ದು ಹಸಿರು. ಆದರೆ ಮೈ ಪ್ಲಾಸ್ಟಿಕ್ ಬೆರೆತ ಸೆರಾಮಿಕ್, ಒಳಗಿನ ಮಷೀನು ಬಿಚ್ಚಿ ರಿಪೇರಿ ಮಾಡುವಂಥದ್ದಲ್ಲ. ಎಪ್ಪತ್ತು ವರ್ಷದ ದುಡಿಮೆಯ ಹೆಸರನ್ನು ರಿಪೇರಿಯಾಗದ ವಸ್ತುವಿನ ಮೇಲೆ ಬರೆದದ್ದು ನನಗಂತೂ ಸರಿಬೀಳಲಿಲ್ಲ.

ಇಂದು ನೀರಿಗಿಳಿಯುವವರಲ್ಲಿ ಈ ವಾಚುಗಳನ್ನು ನೆಚ್ಚಿ ಇಳಿಯುವವರು ಕಡಿಮೆ. 1980ರ ದಶಕದಿಂದ ಡೈವ್ ಕಂಪ್ಯೂಟರುಗಳು ಬಂದು ಆಳ, ಸಮಯ, ಸಾರಜನಕದ ಲೆಕ್ಕವನ್ನೆಲ್ಲ ತಾವೇ ಹಾಕುತ್ತವೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿಯುವವರ ಜೊತೆಗಿರುವ ತರಬೇತುದಾರರ ಕೈಯಲ್ಲೂ ಇರುವುದು ಅದೇ. ಹವ್ಯಾಸಿಗಳ ಡೈವಿಂಗಿಗೆ 40 ಮೀಟರೇ ಕೊನೆಯ ಗೆರೆ. ಸಿಲಿಂಡರ್ ಹೊತ್ತು ಮನುಷ್ಯ ತಲುಪಿದ ಆಳದ ದಾಖಲೆ 2014ರಲ್ಲಿ ಈಜಿಪ್ಟಿನ ಅಹ್ಮದ್ ಗಬ್ರ್ ಕೆಂಪು ಸಮುದ್ರದಲ್ಲಿ ಇಳಿದ 332 ಮೀಟರು. ಹಾಗಿದ್ದರೆ 200 ಮೀಟರಿನ ಹಠ ಏಕೆ ಎಂದು ಕೇಳಬಹುದು. ಆ ಅಂಕಿ ಆಳಕ್ಕಿಂತ ಹೆಚ್ಚಾಗಿ ಕವಚದ ಗಟ್ಟಿತನ, ವಾಷರಿನ ಗುಣ, ಕೀಯ ಬಿಗಿತವನ್ನು ಹೇಳುತ್ತದೆ. ಬಾವಿಗೆ ಧುಮುಕುವಾಗ, ಮಳೆಗಾಲದಲ್ಲಿ ಬೈಕಿನಲ್ಲಿ ಹೋಗುವಾಗ ನೆರವಿಗೆ ಬರುವುದೂ ಅವೇ. ಕಂಪ್ಯೂಟರು ಕೈಕೊಟ್ಟಾಗ ಬೆಜೆಲ್ಲಿನ ತ್ರಿಕೋನ ಇಂದಿಗೂ ಮೇಲೆ ಕರೆತರಬಲ್ಲದು.

ಹಳೆಯದನ್ನು ಕೊಳ್ಳುವವರಿಗೆ ಮಾತ್ರ ಈ ಅಂಕಿ ಬೇರೆಯೇ ಸಂಗತಿ. ನಿಂತುಹೋದ ವಾಚಿನ ಬೆಲೆ ಏರುವುದನ್ನು ಎಚ್‌ಎಂಟಿಯಲ್ಲಿ ನಾವೇ ಕಂಡಿದ್ದೇವೆ. 2016ರಲ್ಲಿ ಕೊನೆಗೂ ವಾಚು ತಯಾರಿಕೆ ಮುಚ್ಚಿದ ಮೇಲೆ ‘ಪೈಲಟ್’, ‘ಜನತಾ’ಗಳಿಗೆ ಬಂದ ಬೇಡಿಕೆ ಕಾರ್ಖಾನೆ ಓಡುತ್ತಿದ್ದಾಗ ಇರಲಿಲ್ಲ. ಎಸ್‌ಕೆಎಕ್ಸ್ ಹಾದಿಯೂ ಅದೇ. ಬೇಡಿಕೆಯ ಬೆನ್ನಿಗೆ ಬಂದದ್ದು ಹಳೆಯ ಡಯಲ್ಲಿಗೆ ಹೊಸ ಬಣ್ಣ ಬಳಿದು, ಬೇರೆ ಬೇರೆ ವಾಚುಗಳ ಬಿಡಿಭಾಗ ಕೂಡಿಸಿ ಮಾರುವ ದಂಧೆ. ಜಗತ್ತಿನ ಸಂಗ್ರಾಹಕರು ಅಂಥ ವಾಚುಗಳಿಗೆ ‘ಮುಂಬೈ ಸ್ಪೆಷಲ್’ ಎಂದು ಹೆಸರಿಟ್ಟಿದ್ದಾರೆ. ಎಚ್‌ಎಂಟಿ, ಸೀಕೊ, ಸಿಟಿಜನ್ ಮೂರೂ ಇದಕ್ಕೆ ಸಿಕ್ಕಿವೆ. ಡಯಲ್ಲಿನ ಅಕ್ಷರಗಳು ದಪ್ಪಗೆ ಹರಡಿದ್ದರೆ, ಕಂಪನಿ ಎಂದೂ ಮಾಡದ ಬಣ್ಣವಿದ್ದರೆ, ಮುಳ್ಳುಗಳ ಹೊಳಪಿಗೂ ಗುರುತುಗಳ ಹೊಳಪಿಗೂ ಹೊಂದಿಕೆಯಿಲ್ಲದಿದ್ದರೆ ಕೈಬಿಡುವುದೇ ಒಳ್ಳೆಯದು. ಅಸಲಿಯೇ ಸಿಕ್ಕಿದರೂ ಇಪ್ಪತ್ತು ವರ್ಷದ ರಬ್ಬರ್ ವಾಷರು ಒಣಗಿ ಬಿರುಕು ಬಿಟ್ಟಿರುತ್ತದೆ. ಡಯಲ್ ಮೇಲೆ ‘ಡೈವರ್ಸ್ 200ಎಂ’ ಎಂದಿರುವುದು ಅದು ಕಾರ್ಖಾನೆ ಬಿಟ್ಟ ದಿನದ ಮಾತು. ಹಿಂಬದಿಯ ವಾಷರು, ಕೀಯ ವಾಷರು, ಗಾಜಿನ ಕೆಳಗಿನ ವಾಷರು ಮೂರನ್ನೂ ಬದಲಿಸಿ, ಒತ್ತಡದ ಯಂತ್ರವಿರುವ ರಿಪೇರಿಯವರ ಬಳಿ ಪರೀಕ್ಷೆ ಮಾಡಿಸಿದ ಮೇಲಷ್ಟೇ ಅದನ್ನು ಕಟ್ಟಿಕೊಂಡು ನೀರಿಗಿಳಿಯಬೇಕು.